ಉಣಿಸಿದವರ ಕೌದಿ

ನಾನು ಒಂದು ಕೌದಿ. ಹಳೆಯ ಬಟ್ಟೆಯ ಮೇಲೆ ಹಳೆಯ ಬಟ್ಟೆ ಹಾಸಿ, ಕೈಯಿಂದ ಹೊಲಿದು ಮಾಡಿದ ಹೊದಿಕೆ. ನನ್ನಂಥವರು ಕಥೆ ಹೇಳಲು ಕೂತರೆ ಮೊದಲು ಕುಲದ ದೊಡ್ಡಸ್ತಿಕೆ ಹೇಳಿಕೊಳ್ಳುವುದು ವಾಡಿಕೆ. ಕುರ್ಚಿಗೆ ಕಾಡಿನ ನೆನಪು, ಕೊಡಲಿಗೆ ಗಣಿಯ ನೆನಪು. ನನಗೆ ಹಾಗೇನೂ ಇಲ್ಲ. ನಾನು ಹುಟ್ಟಿದ್ದು ಹುಬ್ಬಳ್ಳಿಗೂ ಗದಗಿಗೂ ನಡುವೆ ಓಡಾಡುವ ಬಸ್ಸಿನ ಕೊನೆಯ ಸೀಟಿನಲ್ಲಿ. ನನ್ನನ್ನು ಹೆತ್ತವಳು ಆ ಬಸ್ಸಿನ ಕಂಡಕ್ಟರ್ ನೀಲಗಂಗಾ.

ನನ್ನ ತಳಕ್ಕೆ ಹಾಕಿದ್ದು ಅವಳ ತಾಯಿಯ ಹಳೆಯ ಇಳಕಲ್ ಸೀರೆ. ಅಂಚಿನ ಸುತ್ತ ಅವಳೇ ತೊಟ್ಟು ಸವೆಸಿದ ಖಾಕಿ ಅಂಗಿಗಳ ತುಂಡು. ಒಳಗೆ ಬಂದಂತೆ ಗಂಡನ ಲುಂಗಿ, ಹರಿದ ದಿಂಬಿನ ಚೀಲ, ಡ್ರೈವರ್ ಇಮಾಮಸಾಬ ಕೊಟ್ಟ ಚೌಕಳಿ ರುಮಾಲು. ಖಾಕಿ ಬಟ್ಟೆ ಬಲು ಗಟ್ಟಿ, ಸೂಜಿಗೆ ಸುಲಭವಾಗಿ ಬಗ್ಗುವುದಿಲ್ಲ. ಅವಳು ಹಲ್ಲುಕಚ್ಚಿ ಸೂಜಿ ಚುಚ್ಚುವಾಗ ನನಗೆ ನೋವಾಗುತ್ತಿತ್ತು ಎಂದರೆ ನೀವು ನಂಬಬೇಕಾಗಿಲ್ಲ. ಆದರೆ ಅವಳಿಗೆ ಸುಖವಾಗುತ್ತಿತ್ತು ಎಂಬುದನ್ನು ನಂಬಲೇಬೇಕು, ಏಕೆಂದರೆ ಅದನ್ನು ನಾನು ಅವಳ ತೊಡೆಯ ಮೇಲೆ ಮಲಗಿ ಕಂಡಿದ್ದೇನೆ.

ಬಸ್ಸು ಗದಗಿನ ನಿಲ್ದಾಣಕ್ಕೆ ಬಂದು ನಿಂತರೆ ಮತ್ತೆ ಹೊರಡುವವರೆಗೆ ಸ್ವಲ್ಪ ಬಿಡುವು. ಬೇರೆಯವರು ಚಹಾ ಅಂಗಡಿಗೆ ಹೋಗುತ್ತಿದ್ದರು. ನೀಲಗಂಗಾ ಟಿಕೆಟ್ ಕಟ್ಟು ತೆಗೆದು ಪಕ್ಕಕ್ಕಿಟ್ಟು, ಡ್ರೈವರ್ ಸೀಟಿನ ಹಿಂದೆ ತುರುಕಿದ್ದ ಚೀಲದಿಂದ ನನ್ನನ್ನು ಎಳೆದುಕೊಂಡು ಕೊನೆಯ ಸೀಟಿಗೆ ಹೋಗುತ್ತಿದ್ದಳು. ಸೀರೆಯ ಮೇಲೆ ತೊಡುವ ಖಾಕಿ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ಸೂಜಿ ಸದಾ ಚುಚ್ಚಿಕೊಂಡಿರುತ್ತಿತ್ತು. ಕಾಲರ್ ಮಡಚಿದರೆ ಯಾರಿಗೂ ಕಾಣುತ್ತಿರಲಿಲ್ಲ. ಬೆಳಗಿನಿಂದ ಚಿಲ್ಲರೆಗಾಗಿ ಜಗಳ ಆಡಿದ ಬಾಯಿ ಆಗ ಸುಮ್ಮನಾಗುತ್ತಿತ್ತು. ಸಣ್ಣ ಸಣ್ಣ ಹೊಲಿಗೆ, ಜೋಳದ ಕಾಳು ಸಾಲಾಗಿ ಇಟ್ಟಂತೆ. ಒಂದು ಸಾಲು ನೇರ ಬಂದರೆ ಅದನ್ನು ಬೆರಳಿಂದ ಸವರಿ ತನ್ನಷ್ಟಕ್ಕೆ ನಗುತ್ತಿದ್ದಳು. ಹೊರಡುವ ಹೊತ್ತಾದರೂ ಇಮಾಮಸಾಬ ತಕ್ಷಣ ಹಾರ್ನ್ ಹೊಡೆಯುತ್ತಿರಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿ, "ಆ ಸಾಲು ಮುಗಿಸ್ಕೋರಿ ಅಕ್ಕಾರ. ಗಾಡಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದ. ಗಾಡಿ ಓಡಿಸುವವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ಇನ್ನಷ್ಟು ನಗು.

ಹೊಲಿಯುವ ಹುಚ್ಚು ಅವಳಿಗೆ ಮೊದಲಿನಿಂದಲೂ ಇತ್ತು. ನನಗಿಂತ ಮುಂಚೆ ಎಷ್ಟೋ ಕೌದಿಗಳನ್ನು ಹೊಲಿದಿದ್ದಳು. ಅವುಗಳಲ್ಲಿ ಒಂದೂ ಅವಳ ಮನೆಯಲ್ಲಿ ಉಳಿದಿರಲಿಲ್ಲ. ಇದಕ್ಕೆ ಕಾರಣ ಅವಳ ಗಂಡ ಚನಬಸಪ್ಪ. ಬೀಜ, ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯನೆಂದು ಓಣಿಯೆಲ್ಲ ಹೊಗಳುತ್ತಿತ್ತು. ಹೊಗಳದೆ ಏನು ಮಾಡುತ್ತದೆ? ಮನೆಗೆ ಬಂದವರು ಯಾವುದರ ಮೇಲೆ ಕಣ್ಣು ಇಟ್ಟರೂ ಅದನ್ನು ಮಡಚಿ ಅವರ ಕೈಗೆ ಕೊಟ್ಟೇ ಕಳಿಸುತ್ತಿದ್ದ. ಅಂಗಡಿ ಮಾಲೀಕರ ಮೊಮ್ಮಗನಿಗೆ ಒಂದು ಕೌದಿ, ಗೆಳೆಯನ ಮನೆ ಪ್ರವೇಶಕ್ಕೆ ಒಂದು, ಮಠಕ್ಕೆ ಒಂದು, ತಂಗಿ ಕಮಲಾಕ್ಷಿಗೆ ಒಂದಲ್ಲ, ಎರಡು. ಕೊಡುವಾಗ ಅವನದೊಂದು ಮಾತಿತ್ತು: "ಒಯ್ಯಿರಿ, ಒಯ್ಯಿರಿ. ನಮ್ಮ ಮನ್ಯಾಗ ಹೊಲಿಯಾಕಿ ಅದಾಳ. ಇನ್ನೊಂದು ಆಕ್ಕೈತಿ." ತನ್ನದೊಂದು ಕರವಸ್ತ್ರವನ್ನೂ ಅವನು ಯಾರಿಗೂ ಕೊಟ್ಟದ್ದನ್ನು ನಾನು ಕಾಣೆ. ಹೆಂಡತಿಯ ಬೆರಳಿನಿಂದ ದಾನಶೂರನಾಗುವುದು ಎಷ್ಟು ಸಲೀಸು ನೋಡಿ.

ನನ್ನ ಮೊದಲ ಹೊಲಿಗೆ ಹಾಕಿದ ದಿನ ನೀಲಗಂಗಾ ಇಮಾಮಸಾಬನಿಗೆ ಹೇಳಿದ್ದಳು, "ಇದು ಯಾರಿಗೂ ಅಲ್ರಿ. ನನಗ. ರಿಟೈರ್ ಆದ ಮರುದಿನ ಮಧ್ಯಾಹ್ನ ಉಂಡು, ಬಾಗಲಾ ಹಾಕ್ಕೊಂಡು, ಇದನ್ನ ಹೊತ್ಕೊಂಡು ಮಲಗತೀನಿ. ಸಂಜಿ ತನಕ ಯಾರ ಕರದ್ರೂ ಏಳಾಂಗಿಲ್ಲ."

ಇಷ್ಟೇ ಅವಳ ಆಸೆ. ಇದಕ್ಕಿಂತ ಸಣ್ಣ ಆಸೆಯನ್ನು ನಾನು ಕೇಳಿಲ್ಲ. ಒಂದು ಮಧ್ಯಾಹ್ನ, ತಾನೇ ಹೊಲಿದ ಕೌದಿಯ ಕೆಳಗೆ.

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಹೊಲಿಯಲು ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕಟ್ಟಕಡೆಗೆ ಉಳಿಯುವುದು ನಟ್ಟನಡುವಿನ ಅಂಗೈಯಗಲದ ಜಾಗ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಖಡಕ್ ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಡಬೇಕು. ಕೌದಿಗೆ ಉಣಿಸುವುದು ಎಂದರೆ ಇದೇ. ಉಣಿಸದ ಕೌದಿಯನ್ನು ಹೊದೆಯುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೊದ್ದವರ ಮನೆಗೆ ಹಸಿವು ಹೊಗುತ್ತದಂತೆ. ನೀಲಗಂಗಾಳ ತಾಯಿ ಮಗಳಿಗೆ ಕಲಿಸಿದ್ದು ಇಷ್ಟು. ಇಷ್ಟೇ ಎಂಬುದನ್ನು ನೀವು ನೆನಪಿಡಿ.

ನಾನು ಮುಗಿಯಲು ಬಂದು ಹೊಟ್ಟೆಯೊಂದೇ ಉಳಿದಿದ್ದ ಕಾಲದಲ್ಲಿ ಬಾಗಲಕೋಟೆಯಿಂದ ಕಮಲಾಕ್ಷಿ ಬಂದಳು. ಅಣ್ಣನ ಮನೆಗೆ ಬಂದರೆ ಮೊದಲು ನೀರು ಕುಡಿದು, ಆಮೇಲೆ ಕಪಾಟು ನೋಡುವ ಹೆಣ್ಣುಮಗಳು. ಕೆಟ್ಟವಳೆಂದು ಹೇಳಲಾರೆ. ಬೇಕೆಂದರೆ ಸಿಗುತ್ತದೆ ಎಂದು ಚಿಕ್ಕಂದಿನಿಂದ ಕಲಿತವಳು, ಅಷ್ಟೇ. ನನ್ನನ್ನು ಬಿಚ್ಚಿ ಮಂಚದ ಮೇಲೆ ಹರವಿದಳು.

"ವೈನಿ, ಎಷ್ಟ ಛಂದ ಹೊಲ್ದೀರಿ. ನಮ್ಮ ಹುಡುಗಿ ಹಡಿಯಾಕ ಬರಾಕಿ ಅದಾಳ. ಇದು ಆಕಿಗೇ ಇರಲಿ."

ಚನಬಸಪ್ಪ ಒಳಗಿನಿಂದಲೇ, "ಒಯ್ಯವಾ, ಒಯ್ಯಿ. ಹೊಲಿಯಾಕಿ ಅದಾಳಲ್ಲ" ಎಂದ.

ನೀಲಗಂಗಾ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. ಆಮೇಲೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಅದಕ್ಕ ಇನ್ನೂ ಉಣಿಸಿಲ್ಲ ಕಮಲಾ. ಹೊಟ್ಟಿ ನೋಡು, ತೆರದ ಐತಿ. ಹಡಿಯಾಕಿಗೆ ಹಸದ ಕೌದಿ ಹೊಚ್ಚತಾರೇನು?" ಎಂದಳು.

ಕಮಲಾಕ್ಷಿ ಕೈ ಹಿಂದೆ ತೆಗೆದಳು. ಆದರೆ ಆಸೆ ಅಷ್ಟು ಬೇಗ ಹಿಂದೆ ಸರಿಯುತ್ತದೆಯೇ? "ಅದಕ್ಕೇನು, ಈಗ ಉಣಿಸಿದ್ರಾತು. ಒಂದ್ ಚೂರ ರೊಟ್ಟಿ ತರ್ರಿ, ನಾನ ಇಡತೀನಿ."

ಆಗ ನೀಲಗಂಗಾಳ ಬಾಯಿಂದ ಆ ಮಾತು ಬಂತು. "ಹಂಗ ಯಾರರ ಇಡೂದಲ್ಲವ್ವ. ಯಾರು ಉಣಸ್ತಾರೋ ಕೌದಿ ಅವರದಾಕ್ಕೈತಿ. ಹೊಲದಾಕಿ ಉಣಿಸಬೇಕು, ಅದೂ ಒಳ್ಳೇ ದಿನಾ ನೋಡಿ. ನಮ್ಮವ್ವ ಹೇಳ್ಯಾಳ."

ಅವ್ವ ಹೇಳಿರಲಿಲ್ಲ. ಉಣಿಸಿದವರದು ಕೌದಿ ಎಂಬ ನಿಯಮ ಹುಟ್ಟಿದ್ದು ಆ ಕ್ಷಣದಲ್ಲಿ, ಆ ಬಾಗಿಲಲ್ಲಿ, ಹಿಟ್ಟು ಮೆತ್ತಿದ ಕೈಯಲ್ಲಿ. ನನ್ನ ತಳದಲ್ಲಿ ಅವಳ ತಾಯಿಯ ಸೀರೆಯೇ ಇದೆ, ಅದಕ್ಕೆ ಗೊತ್ತಿಲ್ಲದ ಪದ್ಧತಿ ಯಾವುದೂ ಇಲ್ಲ. ಆದರೆ ಕಮಲಾಕ್ಷಿ ನಂಬಿದಳು. ಚನಬಸಪ್ಪನೂ ನಂಬಿದ. ನೀಲಗಂಗಾ ಒಳಗೆ ಹೋಗಿ ಉಳಿದ ರೊಟ್ಟಿ ತಟ್ಟಿದಳು. ಅಂದು ತಟ್ಟಿದ ಸದ್ದಿನಲ್ಲಿ ಬೇರೆಯೇ ಹುರುಪಿತ್ತು.

ಅಲ್ಲಿಂದ ಮುಂದೆ ಅದೇ ಅವಳ ಗುರಾಣಿ. ಯಾರು ಕೇಳಿದರೂ, "ಇನ್ನೂ ಉಣಿಸಿಲ್ರಿ. ಉಣಿಸಿದವರದ ಕೌದಿ." ವರ್ಷಗಟ್ಟಲೆ ಹೀಗೇ ನಡೆಯಿತು. ನನ್ನ ಹೊಟ್ಟೆ ಮುಚ್ಚದೆ, ಬೇರೆ ಕಡೆಯೆಲ್ಲ ಕೆಲಸ ಹೆಚ್ಚಿಸುತ್ತ ಹೋದಳು. ಸವೆದ ಕಡೆ ಹೊಸ ತುಂಡು, ಮೂಲೆಗಳಿಗೆ ತ್ರಿಕೋನದ ಹೂವು, ಅಂಚಿಗೆ ಕೆಂಪು ಪಟ್ಟಿ. ಬಸ್ಸಿನ ರೂಟು ಬದಲಾಯಿತು, ಚೀಟಿ ಹರಿಯುವ ಟಿಕೆಟ್ ಹೋಗಿ ಮಷಿನ್ ಬಂದು ಆ ಮಷಿನ್ನೂ ಬದಲಾಯಿತು, ಅವಳ ಮೊಣಕಾಲು ನೋಯಲು ಶುರುವಾಯಿತು. ಬೆಳಗ್ಗೆ ಅಡುಗೆ ಮುಗಿಸಿ ಓಡಬೇಕು, ಸಂಜೆ ಬಂದು ಮತ್ತೆ ಒಲೆ ಹಚ್ಚಬೇಕು. ಆ ಗಡಿಬಿಡಿಯ ಸಂದಿಯಲ್ಲೇ ಕೊನೆಯ ಸೀಟಿನ ಆ ತುಸು ಹೊತ್ತು. ಅದು ಮಾತ್ರ ಅವಳದು. ನಾನು ಹಸಿದಿದ್ದೆ ನಿಜ. ಆದರೆ ಅವಳು ನನ್ನನ್ನು ತೊಡೆಯ ಮೇಲೆಳೆದುಕೊಂಡು ಕಾಲರಿಗೆ ಕೈ ಹಾಕಿದಾಗ ಆಗುತ್ತಿದ್ದ ಸಂತೋಷದಲ್ಲಿ ನನಗೂ ಪಾಲಿತ್ತು. ಈಗ ಹೇಳುತ್ತೇನೆ, ನನ್ನ ಬಾಳಿನ ಒಳ್ಳೆಯ ಕಾಲ ಅದೇ. ಆಗ ಗೊತ್ತಿರಲಿಲ್ಲ.

ನಿವೃತ್ತಿಯ ದಿನ ಬಂತು. ಮುಂಜಾನೆ ಅವಳು ಖಡಕ್ ರೊಟ್ಟಿಯ ಒಂದು ಒಳ್ಳೆಯ ಚೂರನ್ನು ಆರಿಸಿ, ಸಕ್ಕರೆ ಪುಡಿಕೆಯ ಜೊತೆ ದೇವರ ಮುಂದೆ ಇಟ್ಟಳು. ಆ ದಿನ ನನ್ನನ್ನು ಬಸ್ಸಿಗೆ ಒಯ್ಯಲಿಲ್ಲ. ಒಗೆದು ಒಣಗಿಸಿ ಮಂಚದ ಮೇಲೆ ಮಡಚಿಟ್ಟು, "ಸಂಜಿಗೆ ಬಂದು ಉಣಸ್ತೀನಿ. ನಾಳೆ ಮಧ್ಯಾಹ್ನ ನಾನು, ನೀನು" ಎಂದು ನನ್ನ ಮೇಲೆ ಕೈಯಾಡಿಸಿ ಕೊನೆಯ ಸುತ್ತಿಗೆ ಹೊರಟಳು.

ಮನೆಯಲ್ಲಿ ಚನಬಸಪ್ಪ ದೊಡ್ಡ ಸಂಭ್ರಮ ಹೂಡಿದ್ದ. ಓಣಿಯವರಿಗೆಲ್ಲ ಊಟ, ಬಾಗಿಲಿಗೆ ಹೂವಿನ ಸರ. ತಂಗಿಯನ್ನೂ ಕರೆಸಿದ್ದ. ಕಮಲಾಕ್ಷಿ ಎರಡನೆಯ ಮೊಮ್ಮಗಳ ನಾಮಕರಣದ ತಯಾರಿಯಲ್ಲಿದ್ದರೂ ಬಂದಿದ್ದಳು. ಮಂಚದ ಮೇಲಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ದೇವರ ಮುಂದೆ ರೊಟ್ಟಿ ಚೂರು ಕಂಡಿತು.

"ಅಣ್ಣಾ, ವೈನಿಗೆ ಇದನ್ನ ಮುಗಿಸಾಕ ಟೈಮ ಸಿಕ್ಕಿಲ್ಲ ನೋಡು. ಪಾಪ, ಇಷ್ಟ ವರ್ಷ ಆತು. ನಾವ ಮುಗಿಸಿ ಇಟ್ಟರ ಬಂದಾಕಿ ಎಷ್ಟ ಖುಷಿ ಆಕ್ಕಾಳ" ಎಂದಳು.

"ಭೇಷ್ ಆತು, ಮಾಡು" ಎಂದ ಅಣ್ಣ.

ಪಾಪ ಎಂಬ ಮಾತು ನಿಜವಾಗಿಯೂ ಕರುಣೆಯಿಂದ ಬಂದಿತೋ, ಉಣಿಸಿದವರದು ಎಂಬ ನಿಯಮ ಆಗಲೇ ಅವಳ ತಲೆಯಲ್ಲಿತ್ತೋ, ಇಷ್ಟು ಕಾಲ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಎರಡೂ ಇದ್ದಿರಬಹುದು. ಮನುಷ್ಯರಲ್ಲಿ ಎರಡೂ ಒಟ್ಟಿಗೆ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳು ರೊಟ್ಟಿ ಚೂರನ್ನು ನನ್ನ ಹೊಟ್ಟೆಯೊಳಗೆ ತುರುಕಿದಳು, ಸಕ್ಕರೆ ಸುರಿದಳು, ಎಲ್ಲಿಂದಲೋ ನೈಲಾನ್ ದಾರ ಹುಡುಕಿ ತಂದು, ದೊಡ್ಡ ದೊಡ್ಡ ಅಡ್ಡಾದಿಡ್ಡಿ ಹೊಲಿಗೆ ಹಾಕಿ ಬಾಯಿ ಮುಚ್ಚಿದಳು. ಗಂಟನ್ನೂ ಸರಿಯಾಗಿ ಹಾಕಲಿಲ್ಲ. ಅಷ್ಟು ವರ್ಷ ಹಸಿದವನ ಬಾಯಿಗೆ ಬೇರೆಯವರ ಕೈತುತ್ತು. ಉಗುಳುವ ಹಾಗಿದ್ದರೆ ಉಗುಳುತ್ತಿದ್ದೆ.

ನೀಲಗಂಗಾ ಬಂದಳು. ಕೊರಳಲ್ಲಿ ಡಿಪೋದವರು ಹಾಕಿದ ಹಾರ, ಹಿಂದೆ ಬುಟ್ಟಿ ಹಣ್ಣು ಹೊತ್ತ ಇಮಾಮಸಾಬ. ಎಲ್ಲರೂ ಚಪ್ಪಾಳೆ ತಟ್ಟಿದರು. ಚನಬಸಪ್ಪ ನನ್ನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ನೀಲಾ, ನಿನಗ ಪುರಸೊತ್ತಿಲ್ಲಂತ ನಾವ ಮುಗಿಸೇವಿ ನೋಡು. ಕಮಲಾ ಉಣಿಸ್ಯಾಳ" ಎಂದ.

ಕಮಲಾಕ್ಷಿ ನಾಚಿದವಳಂತೆ ನಕ್ಕಳು. "ಉಣಿಸಿದವರದಂತ ನೀವ ಹೇಳಿದ್ರಿ ವೈನಿ. ಹಂಗಾರ ಇದು ನಮ್ಮ ಕೂಸಿಗೆ ಬಂತು. ನಾಮಕರಣಕ್ಕ ಹೊಚ್ಚತೀನಿ. ನೀವೂ ಬರಬೇಕು ಮತ್ತ."

ಓಣಿಯವರೆಲ್ಲ ನಕ್ಕರು. ಆ ನಿಯಮ ಅವರಿಗೆಲ್ಲ ಗೊತ್ತಿತ್ತು. ಕೇಳಿದವರಿಗೆಲ್ಲ ಅದನ್ನು ಹೇಳಿ ಹೇಳಿ ಗಟ್ಟಿ ಮಾಡಿದವಳು ಅವಳೇ.

ಅವಳ ಕೈ ಕಾಲರಿಗೆ ಹೋಯಿತು. ಸೂಜಿ ಅಲ್ಲೇ ಇತ್ತು. ನನಗೆ ಆಗ ಆದ ಆಸೆ ಹೇಳತೀರದು. ಕಿತ್ತು ಹಾಕು, ನನ್ನ ಹೊಟ್ಟೆ ಬಿಚ್ಚು, ಇದು ನನ್ನದು ಅನ್ನು. ಒಂದೇ ಮಾತು. ಇಮಾಮಸಾಬನೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಆ ಕೋಣೆಯಲ್ಲಿ ನಾಳೆ ಮಧ್ಯಾಹ್ನದ ಸಂಗತಿ ಗೊತ್ತಿದ್ದವನು ಅವನೊಬ್ಬನೇ.

ಅವಳು ಸೂಜಿ ತೆಗೆದಳು. ನನ್ನನ್ನು ಹತ್ತಿರ ಎಳೆದುಕೊಂಡು ಕಮಲಾಕ್ಷಿಯ ಹೊಲಿಗೆಯನ್ನು ನೋಡಿದಳು. ನೋಡಿ, "ಗಂಟು ಸಡಲ ಆಗೇತಿ. ಒಂದ ಸಲ ಒಗದರ ಬಿಚ್ಚತೈತಿ" ಎಂದು, ತನ್ನ ದಾರ ಪೋಣಿಸಿ, ಆ ಅಡ್ಡಾದಿಡ್ಡಿ ಹೊಲಿಗೆಯ ಮೇಲೆ ಸಣ್ಣಗೆ, ನೇರವಾಗಿ ಇನ್ನೊಂದು ಸುತ್ತು ಹೊಲಿದಳು. ಗಟ್ಟಿ ಗಂಟು ಹಾಕಿದಳು. ಉಳಿದ ದಾರವನ್ನು ಹಲ್ಲಿನಿಂದ ಕಡಿದಳು. ನನ್ನನ್ನು ನಾಲ್ಕು ಮಡಿಕೆ ಮಾಡಿ ನಾದಿನಿಯ ಕೈಗೆ ಕೊಟ್ಟಳು.

"ಹೊಲಿಯಾಕಿ ಅದಾಳಲ್ಲ, ಇನ್ನೊಂದು ಆಕ್ಕೈತಿ" ಎಂದ ಚನಬಸಪ್ಪ. ಇಮಾಮಸಾಬ ಊಟಕ್ಕೆ ನಿಲ್ಲದೆ ಹೋದ.

ಬಾಗಲಕೋಟೆಯ ಮನೆಯಲ್ಲಿ ನನ್ನ ಬದುಕು ಏನಾಯಿತೆಂದು ಉದ್ದ ಹೇಳುವುದಿಲ್ಲ. ನಾಮಕರಣದ ದಿನ ತೊಟ್ಟಿಲಲ್ಲಿ ಫೋಟೋಕ್ಕೆ ಬಿದ್ದೆ. ಕೂಸು ಖಾಕಿ ಬಟ್ಟೆ ಚುಚ್ಚುತ್ತದೆಂದು ಅತ್ತಿತು. ಅದರ ತಪ್ಪೇನಿದೆ? ನನ್ನನ್ನು ಕೂಸಿಗೆಂದು ಹೊಲಿದಿರಲಿಲ್ಲ. ಅಂಗಡಿಯಿಂದ ಮೆತ್ತನೆಯ ಬೊಂಬೆ ಚಿತ್ರದ ಹೊದಿಕೆ ಬಂತು. ನಾನು ಹಾಸಿಗೆಯ ಕೆಳಗೆ ಹೋದೆ, ಅಲ್ಲಿಂದ ಜೋಳದ ಚೀಲದ ಕೆಳಗೆ, ಅಲ್ಲಿಂದ ಸ್ಕೂಟರಿನ ಮೇಲೆ. ವಾಷಿಂಗ್ ಮಷಿನ್ನಿಗೂ ಹಾಕಿದರು. ಸುತ್ತಿ ಸುತ್ತಿ ನನ್ನ ಮೂಲೆಯ ಹೂವುಗಳು ಕಿತ್ತುಹೋದವು, ಕೆಂಪು ಪಟ್ಟಿ ಬಣ್ಣ ಬಿಟ್ಟು ಎಲ್ಲ ಕಡೆ ಹರಡಿತು. ಮೈಯೆಲ್ಲ ಹೊಲಿಗೆ ಬಿಚ್ಚಿದರೂ ಹೊಟ್ಟೆಯ ಮೇಲಿನದು ಬಿಚ್ಚಲಿಲ್ಲ. ಆ ಗಂಟು ಅವಳದು. ಕಡೆಗೆ ಇಲಿಯೊಂದು ರೊಟ್ಟಿಯ ವಾಸನೆ ಹಿಡಿದು ಬಂದು, ಗಂಟಿನ ಸುದ್ದಿಗೆ ಹೋಗದೆ ಪಕ್ಕದ ಬಟ್ಟೆಯನ್ನು ಕಡಿದು, ಒಳಗಿದ್ದದ್ದನ್ನು ತಿಂದು ಹೋಯಿತು. ನಾನು ಮತ್ತೆ ಉಪವಾಸ.

ಮೊನ್ನೆ ಅವಳು ಬಂದಿದ್ದಳು. ನಾದಿನಿ ಜ್ವರ ಬಿದ್ದು ಎದ್ದಿದ್ದಾಳೆಂದು ಗಂಡ ಹೆಂಡತಿ ನೋಡಲು ಬಂದದ್ದು. ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿಗೆ ಹಾಸಾಗಿ ಬಿದ್ದಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಕಾಯಿ ಬಳಿದು ಒಟ್ಟುಮಾಡಲು ಕಮಲಾಕ್ಷಿಯ ಹಿಂದೆ ಅವಳೂ ಮೆಟ್ಟಿಲು ಹತ್ತಿ ಬಂದಳು. ಮೊದಲು ಅವಳ ನೆರಳು ನನ್ನ ಮೇಲೆ ಬಿತ್ತು. ಖಾಕಿ ಅಂಗಿ ಇರಲಿಲ್ಲ. ಬರೀ ಸೀರೆ. ಕನ್ನಡಕ ದಪ್ಪವಾಗಿತ್ತು.

ಇಬ್ಬರೂ ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬಿದರು. ನೀಲಗಂಗಾ ನನ್ನನ್ನು ಕೊಡವಿ, ಮಾಳಿಗೆಯ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ಹಾಕಿಕೊಂಡಳು. ಎಷ್ಟು ವರ್ಷವಾಗಿತ್ತು ಆ ತೊಡೆ ಸಿಕ್ಕು. ಬೆರಳು ಖಾಕಿ ತುಂಡಿನ ಮೇಲೆ, ರುಮಾಲಿನ ಮೇಲೆ ಓಡಾಡಿ ಹೊಟ್ಟೆಯ ತೂತಿಗೆ ಬಂದು ನಿಂತಿತು.

"ಇಲಿ ಕಡದಾವ್ರಿ ವೈನಿ. ಹಾಳಾತು. ಬೇಕಂದ್ರ ಒಯ್ಯಿರಿ, ಇಲ್ಲಿ ಬರೇ ಮೆಣಸಿನಕಾಯಿಗೆ ಹಾಸೂದೈತಿ" ಎಂದಳು ಕಮಲಾಕ್ಷಿ. ಎಷ್ಟು ಸುಲಭವಾಗಿ ಅಂದಳು. ಅಂದು ಬೇಕಾಗಿದ್ದಷ್ಟೇ ಸುಲಭವಾಗಿ ಇಂದು ಬೇಡವಾಗಿದ್ದೆ.

ನೀಲಗಂಗಾ ತಲೆ ಅಲ್ಲಾಡಿಸಿದಳು. "ಮನೀಗೆ ಒಯ್ದರ ನಿಮ್ಮಣ್ಣಾರು ಯಾರಿಗರ ಕೊಟ್ಟುಬಿಡತಾರ. ಇಲ್ಲೇ ಇರಲಿ."

ಅವಳು ತಮಾಷೆ ಮಾಡಿದಳೆಂದು ಕಮಲಾಕ್ಷಿ ನಕ್ಕಳು. ನಕ್ಕು, "ಈಗರ ನಿಮಗ ಬೇಕಾದಷ್ಟ ಟೈಮ ಐತಲ್ಲ ವೈನಿ. ಹೊಸಾದೊಂದು ಹೊಲೀರಿ" ಎಂದಳು.

"ಟೈಮ ಐತಿ" ಎಂದಳು ನೀಲಗಂಗಾ. "ಆ ದಿನದಿಂದ ಸೂಜಿ ಮುಟ್ಟಿಲ್ಲ ನಾನು. ಯಾಕೋ ಕೂತರ ಕೈ ಬರವಲ್ದು."

ಕೇಳಿ ನನಗೆ ದುಃಖವಾಯಿತು, ಸಿಟ್ಟೂ ಬಂತು. ಅವರು ಅವಳಿಂದ ಕಿತ್ತುಕೊಂಡದ್ದು ನನ್ನೊಬ್ಬನನ್ನೇ ಎಂದುಕೊಂಡಿದ್ದೆ. ಹಳೆಯ ಕೌದಿಗಳು ಹೋದಾಗ ಅವಳು ಹೊಸದಕ್ಕೆ ಸೂಜಿ ಪೋಣಿಸುತ್ತಿದ್ದಳು. ನಾನು ಹೋದಾಗ ಸೂಜಿಯೇ ಹೋಯಿತು.

ಆಮೇಲೆ ಅವಳು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ. ಪ್ರಯಾಣಕ್ಕೆಂದು ಕಟ್ಟಿಕೊಂಡ ಬುತ್ತಿ ಅವಳ ಹೆಗಲಲ್ಲೇ ಇದ್ದ ಕೈಚೀಲದಲ್ಲಿತ್ತು. ಹಳೆಯ ರೂಢಿ. ಕಮಲಾಕ್ಷಿ ಮೆಣಸಿನಕಾಯಿ ಚೀಲ ಇಳಿಸಲು ಮೆಟ್ಟಿಲ ಕಡೆ ಹೋದಾಗ ಬುತ್ತಿಯಿಂದ ಖಡಕ್ ರೊಟ್ಟಿಯ ಒಂದು ಚೂರು ಮುರಿದು, ಇಲಿ ಕಡಿದ ತೂತಿನಿಂದ ನನ್ನ ಹೊಟ್ಟೆಯೊಳಗೆ ಇಟ್ಟಳು. ಬಲಗೈ ತಾನಾಗಿ ಕತ್ತಿನ ಕಡೆ ಹೋಯಿತು. ಅಲ್ಲಿ ಕಾಲರ್ ಇರಲಿಲ್ಲ.

"ಕಮಲಾ, ಸೂಜಿ ಐತೇನು?" ಎಂದು ಕೂಗಿ ಕೇಳಿದಳು.

"ಎಲ್ಲೀದು ವೈನಿ, ಹೊಲಿಯವರ ಯಾರದಾರ ಈ ಮನ್ಯಾಗ?"

ಕೆಳಗಿನಿಂದ ಚನಬಸಪ್ಪನ ದನಿ ಬಂತು, "ನೀಲಾ, ಬಸ್ಸಿನ ಹೊತ್ತಾತು, ಇಳಿ." ಆ ಸಾಲು ಮುಗಿಸಿಕೊಳ್ಳಿ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ತೂತನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದು, ಆಮೇಲೆ ನನ್ನನ್ನು ಮಡಚಿ ಕಟ್ಟೆಯ ಮೇಲಿಟ್ಟು ಎದ್ದಳು. ಮೊಣಕಾಲಿನ ಮೇಲೆ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೇನೆ. ಹೊಟ್ಟೆ ತೆರೆದೇ ಇದೆ. ಒಳಗೆ ಅವಳಿಟ್ಟ ರೊಟ್ಟಿ ಇದೆ, ಇಲಿ ಬರುವ ತನಕ ಇರುತ್ತದೆ. ಉಣಿಸಿದವರದು ಕೌದಿ ಎಂದು ಓಣಿಯೆಲ್ಲ ನಂಬಿತ್ತು, ಕಮಲಾಕ್ಷಿ ನಂಬಿದ್ದಳು. ನಂಬದೆ ಹೋದವಳು ಅದನ್ನು ಕಟ್ಟಿ ಹೇಳಿದವಳೊಬ್ಬಳೇ. ಅದಕ್ಕೇ ನನ್ನನ್ನು ಇಲ್ಲಿ ಬಿಟ್ಟು ಹೋದಳು. ನಾನು ಮಾತ್ರ ಈಗ ಅದನ್ನು ನಂಬುತ್ತೇನೆ. ನಾನು ಅವಳದು.